‘ಗ್ರಾಫಿಕ್ ನಾವೆಲ್’: ಕಪಾಟಿನ ಫಲಕದ ಮೇಲೆ ಯಾವ ಪದ?

ಗದಗಿನ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಈಚೆಗೆ 22 ಗ್ರಾಫಿಕ್ ನಾವೆಲ್‌ಗಳು ಬಂದಿವೆ. ಚಿತ್ರಗಳ ಸಾಲಿನಲ್ಲಿಯೇ ಇಡೀ ಕಥೆ ಹೇಳುವ ಪುಸ್ತಕಗಳಿವು. ಅವಕ್ಕೊಂದು ಬೇರೆ ಕಪಾಟೂ ಸಿಕ್ಕಿದೆ. ಅದರ ಮೇಲಿನ ಫಲಕದಲ್ಲಿ ಏನೆಂದು ಬರೆಯಿಸಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಪೇಂಟರ್ ಎರಡು ಸಲ ಬಂದು ಬರಿಗೈಯಲ್ಲಿ ಹೋಗಿದ್ದಾರೆ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲು ಈ ಪುಸ್ತಕಗಳನ್ನು ಮಕ್ಕಳ ವಿಭಾಗದಲ್ಲಿಯೇ ಇಟ್ಟಿದ್ದೆವು. ನಿವೃತ್ತ ಮಾಸ್ತರರೊಬ್ಬರು ಮುಖಪುಟದಲ್ಲಿ ಇಲಿಗಳನ್ನು ಕಂಡು, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗನಿಗೆಂದು ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ ಒಯ್ದರು. ಮರುದಿನವೇ ಅದನ್ನು ಮೇಜಿನ ಮೇಲಿಟ್ಟು, “ಇಲಿ ಅದಾವಂತ ಒಯ್ದೆ, ಒಳಗ ನೋಡಿದ್ರ ಹೆಣಾ ಅದಾವಲ್ರೀ” ಎಂದರು. ಯಹೂದ್ಯರನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಚಿತ್ರಿಸಿ, ನಾಜಿಗಳ ಕೊಲೆಶಿಬಿರವಾಗಿದ್ದ ಔಶ್‌ವಿಟ್ಸ್‌ನಿಂದ ಬದುಕಿ ಬಂದ ತಂದೆಯ ನೆನಪುಗಳನ್ನು ಮಗನು ಹೇಳುವ ಆ ಕೃತಿ 1992ರಲ್ಲಿ ಪುಲಿಟ್ಜರ್ ವಿಶೇಷ ಪುರಸ್ಕಾರ ಪಡೆದದ್ದು. ತಪ್ಪು ಮಾಸ್ತರರದಲ್ಲ, ನಮ್ಮದು.

‘ಚಿತ್ರಕಥೆ’ ಎಂದರೆ ಸಾಕಲ್ಲವೇ ಎಂದು ಹಲವರು ಕೇಳಿದರು. ಕಾರ್ಕಳದ ಅನಂತ ಪೈ ಅವರು ರೂಪಿಸಿದ, 1967ರಿಂದ ಬಂದ ‘ಅಮರ ಚಿತ್ರಕಥೆ’ಯಿಂದಾಗಿ ಆ ಪದಕ್ಕೆ 32 ಪುಟಗಳ ಪುರಾಣಕಥೆಯ ಅರ್ಥ ಗಟ್ಟಿಯಾಗಿ ಅಂಟಿಕೊಂಡಿದೆ, ಇತ್ತ ಸಿನಿಮಾದವರು ಅದನ್ನು ಸಂಭಾಷಣೆ, ನಿರ್ದೇಶನಗಳ ಸಾಲಿಗೆ ಎಂದೋ ಸೇರಿಸಿಕೊಂಡಿದ್ದಾರೆ. ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ಆಗಲೇ ಇರುವ ‘ಚಿತ್ರಕಾವ್ಯ’ ಎಂಬ ಪದದ ಗತಿ ಇನ್ನೂ ಕೆಟ್ಟದ್ದು: ಅಲ್ಲಿನ ಆಚಾರ್ಯರಲ್ಲಿ ಆನಂದವರ್ಧನನು ಅದನ್ನು ಕಾವ್ಯದ ಅನುಕರಣೆ ಎಂದಿದ್ದಾನೆ, ಮಮ್ಮಟನು ಕೊನೆಯ ದರ್ಜೆಗೆ ತಳ್ಳಿದ್ದಾನೆ. ಹಾಗೆಂದು ‘ಗ್ರಾಫಿಕ್ ನಾವೆಲ್’ ಎಂದೇ ಬರೆಯಿಸೋಣವೆಂದರೆ, “ಗ್ರಾಫಿಕ್ಸ್ ಅಂದ್ರ ಸಿನಿಮಾದಾಗ ಆನಿ ಹಾರಸ್ತಾರಲ್ರೀ, ಅದೇನ್ರೀ?” ಎಂದು ಕಾಲೇಜು ಹುಡುಗನೊಬ್ಬ ಕೇಳಿದ.

‘ಸಚಿತ್ರ ಕಾದಂಬರಿ’ಯನ್ನು ನಾನು ಒಪ್ಪಲಾರೆ. ಸಚಿತ್ರ ಕೃತಿಯಲ್ಲಿ ಚಿತ್ರಗಳನ್ನು ತೆಗೆದರೂ ಕಥೆ ನಡೆಯುತ್ತದೆ. ಇಲ್ಲಿ ತೆಗೆದರೆ ಕಥೆಯೇ ನಿಂತುಹೋಗುತ್ತದೆ. ಸಂಸ್ಕೃತ ಕವಿ ಬಾಣನ ನಾಯಕಿ ಕಾದಂಬರಿಯ ಹೆಸರನ್ನು ಕನ್ನಡಿಗರೂ ಮರಾಠಿಗರೂ ಒಂದು ಸಾಹಿತ್ಯಪ್ರಕಾರಕ್ಕೇ ಇಟ್ಟುಕೊಂಡದ್ದು ಚೆಲುವಾದ ಸಂಗತಿಯೇ ಆದರೂ, ಕಾದಂಬರಿಯೆಂದರೆ ಕಲ್ಪಿತವೆಂಬ ತಿಳಿವಳಿಕೆ ಬೇರೂರಿದೆ. ಮರ್ಜಾನೆ ಸತ್ರಾಪಿಯವರ ‘ಪರ್ಸೆಪೊಲಿಸ್’ ಇರಾನಿನಲ್ಲಿ ಕಳೆದ ತಮ್ಮದೇ ಬಾಲ್ಯದ ಕಥೆ. 1991ರಲ್ಲಿ ‘ಮೌಸ್’ನ ಎರಡನೆಯ ಸಂಪುಟವನ್ನು ನ್ಯೂಯಾರ್ಕ್ ಟೈಮ್ಸ್ ಹೆಚ್ಚು ಮಾರಾಟವಾಗುವ ಪುಸ್ತಕಗಳ ತನ್ನ ಪಟ್ಟಿಯಲ್ಲಿ ಕಲ್ಪಿತ ಸಾಹಿತ್ಯಕ್ಕೆ ಸೇರಿಸಿದಾಗ, ಸ್ವತಃ ಲೇಖಕರೇ ಪತ್ರ ಬರೆದು ಅದನ್ನು ಅಲ್ಲಿಂದ ಎತ್ತಿಸಿದರು. ಇಂಗ್ಲಿಷಿನ ‘ನಾವೆಲ್’ ಕೂಡ ಈ ಪುಸ್ತಕಗಳಿಗೆ ಸರಿಯಾಗಿ ಹೊಂದುವುದಿಲ್ಲವೆಂದಾಯಿತು; ಆ ತೊಡಕನ್ನು ನಾವೇಕೆ ಹೊರಬೇಕು?

ಆದ್ದರಿಂದ ನನ್ನ ಒಲವು ‘ಚಿತ್ರಕಥನ’ದ ಕಡೆಗಿದೆ. ಆತ್ಮಕಥನ, ಪ್ರವಾಸಕಥನ ಎಂದು ಬಳಸುವ ನಮಗೆ ‘ಕಥನ’ವು ನಡೆದದ್ದಕ್ಕೂ ಕಟ್ಟಿದ್ದಕ್ಕೂ ಒಗ್ಗುತ್ತದೆ. ‘ಚಿತ್ರಕಥೆ’ಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರದ್ದಾಗಿರುವುದರಿಂದ, ದೂರದಿಂದ ಓದುವವರಿಗೆ ಅದು ಕಾಣಿಸೀತೇ ಎಂಬ ಅಳುಕೂ ಇದೆ.

ಇನ್ನೊಂದು ಪದ ತಾನಾಗಿಯೇ ಸಿಕ್ಕಿತು. ಪುಟದ ಪ್ಯಾನೆಲ್‌ಗಳನ್ನು (ಒಂದೊಂದು ಚಿತ್ರವಿರುವ ಚೌಕಗಳನ್ನು) ಯಾವ ಕ್ರಮದಲ್ಲಿ ಓದಬೇಕೆಂದು ಒಂದು ಭಾನುವಾರ ತೋರಿಸುತ್ತಿದ್ದಾಗ, ‘ಚೌಕಟ್ಟು’ ಎಂಬ ನನ್ನ ಪದವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅಜ್ಜಿಯೊಬ್ಬರು ಪುಟದ ಮೇಲೆ ಬೆರಳಿಟ್ಟು, “ಈ ಮನಿ ಆದಮ್ಯಾಲೆ ಬಾಜೂ ಮನೀಗೆ ಹೋಗಬೇಕೋ, ಕೆಳಗಿನ ಮನೀಗೋ?” ಎಂದು ಕೇಳಿದರು. ಪಗಡೆಯ ಹಾಸಿನಲ್ಲಿ ಕಾಯಿ ನಡೆಸುವ ಮಾತದು. ಆ ಹೊತ್ತಿನಿಂದ ಎಲ್ಲರ ಬಾಯಲ್ಲೂ ‘ಮನೆ’ಯೇ ನಿಂತಿದೆ, ಎರಡು ಪುಟಗಳಿಗೂ ಹರಡಿಕೊಂಡ ಚಿತ್ರವನ್ನು ಹುಡುಗರು ‘ವಾಡೆ’ (ದೊಡ್ಡ ಮನೆ) ಎನ್ನತೊಡಗಿದ್ದಾರೆ.

ನನ್ನ ಪ್ರಶ್ನೆಗಳು ಎರಡು. ‘ಚಿತ್ರಕಥನ’ವನ್ನು ಯಾರಾದರೂ ಈಗಾಗಲೇ ಬೇರೆ ಅರ್ಥದಲ್ಲಿ ಬಳಸಿದ್ದಾರೆಯೇ? ಪ್ಯಾನೆಲ್‌ಗೆ ‘ಮನೆ’ ಎಂದರೆ ಹಳೆಯ ಮೈಸೂರು, ಕರಾವಳಿ ಕಡೆಯ ಓದುಗರಿಗೂ ತಕ್ಷಣ ತಿಳಿಯುತ್ತದೆಯೇ? ಪೇಂಟರ್ ಬರುವ ಸೋಮವಾರ ಮತ್ತೆ ಬರುವವರಿದ್ದಾರೆ.