ಕರೆಂಟ್ ಹೋಗಿ ಬಂದರೆ ಫೈಲ್ ಸೊನ್ನೆ ಬೈಟ್! ಕಾಟಾದ ಲೆಕ್ಕ ಉಳಿಸುವುದು ಹೇಗೆ?

ಕಡ್ಡಿ_ಮೆಣಸಿನಕಾಯಿ (ಬ್ಯಾಡಗಿ)

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರ್ಕೆಟ್‌ನಲ್ಲಿ ನಮ್ಮ ಮಾವನ ದಲ್ಲಾಳಿ ಅಂಗಡಿ ಇದೆ. ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಕೇಬಲ್ ಎಳೆದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿದ್ದೇನೆ. ಪೈಥಾನ್‌ನಲ್ಲಿ ನಾನೇ ಬರೆದ ಪ್ರೋಗ್ರಾಂ ಪ್ರತಿ ಚೀಲದ ತೂಕ ಬರೆದುಕೊಳ್ಳುತ್ತದೆ. ಎರಡು ಫೈಲ್ ಇವೆ. ಒಂದರಲ್ಲಿ ಚೀಲಕ್ಕೊಂದು ಸಾಲು. ಇನ್ನೊಂದರಲ್ಲಿ ಒಬ್ಬೊಬ್ಬ ರೈತರ ಒಟ್ಟು ತೂಕ, ಇದನ್ನು ಪ್ರತಿ ಸಲ ಖಾಲಿ ಮಾಡಿ ಹೊಸದಾಗಿ ಬರೆಯುತ್ತೇನೆ.

ಸೋಮವಾರ ಮಧ್ಯಾಹ್ನ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಒಟ್ಟಿನ ಫೈಲ್ ಸೊನ್ನೆ ಬೈಟ್. ಸಾಲುಗಳ ಫೈಲ್ ಇದೆ, ಆದರೆ ಕೊನೆಯ ಕೆಲವು ಚೀಲಗಳಿಲ್ಲ, ಅಲ್ಲಿಂದ ಮುಂದಕ್ಕೆ ಎಡಿಟರ್‌ನಲ್ಲಿ ಪುಟಗಟ್ಟಲೆ ^@^@^@. ಹಮಾಲರು ಕಾಯುತ್ತಾ ನಿಂತಿದ್ದರು, ರೈತರು ಚೀಟಿ ಕೇಳುತ್ತಿದ್ದರು, ಕೊನೆಗೆ ಅಷ್ಟೂ ಚೀಲ ಮತ್ತೆ ತೂಗಿದೆವು. ಇನ್ನೊಮ್ಮೆ ಹೀಗಾಗಬಾರದು, ದಯವಿಟ್ಟು ಹೇಳಿ.

ಮುಳಗುಂದ_ನಾಕಾ (ಗದಗ)

ಪೈನ ಮೆಮೊರಿ ಕಾರ್ಡ್ ಹಳೆಯದಾಗಿರಬೇಕು. ಹೊಸ ಕಾರ್ಡ್ ಹಾಕಿ, ಜೊತೆಗೆ ಸಣ್ಣ ಯುಪಿಎಸ್ ತಗೊಳ್ಳಿ.

ಉಣಕಲ್_ಕೆರೆ (ಹುಬ್ಬಳ್ಳಿ)

ಯುಪಿಎಸ್ ಇರಲಿ, ಒಳ್ಳೆಯದೇ. ಆದರೆ ಕಾರ್ಡ್ ಬದಲಿಸುವ ಮೊದಲು ಕೋಡ್ ನೋಡೋಣ. ಖಾಲಿ ಮಾಡುವ ಭಾಗ ಹೇಗೆ ಬರೆದಿದ್ದೀರಿ? ಸಾಲುಗಳ ಫೈಲ್‌ಗೆ ಮೊದಲೇ ಅಳತೆ ಕೊಟ್ಟಿದ್ದೀರಾ? ಫೈಲ್ ಸಿಸ್ಟಂ (ಕಾರ್ಡ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಯಾವುದು?

ಕಡ್ಡಿ_ಮೆಣಸಿನಕಾಯಿ (ಬ್ಯಾಡಗಿ)

ಎಕ್ಸ್‌ಟ್4. ಒಟ್ಟಿನ ಫೈಲ್ ಬೆಳಗ್ಗೆ ತೆರೆದು ದಿನವಿಡೀ ತೆರೆದೇ ಇಡುತ್ತೇನೆ. ಪ್ರತಿ ಚೀಲಕ್ಕೂ ಸೀಕ್(0) ಮಾಡಿ ಫೈಲ್‌ನ ಆರಂಭಕ್ಕೆ ಹೋಗಿ, ಟ್ರಂಕೇಟ್()ನಿಂದ ಖಾಲಿ ಮಾಡಿ, ಆಮೇಲೆ ರೈಟ್(). ಸಾಲುಗಳ ಫೈಲ್‌ಗೆ ಹೌದು, ಬೆಳಗ್ಗೆಯೇ ಟ್ರಂಕೇಟ್ ಮಾಡಿ 1 ಎಂಬಿಗೆ ಹಿಗ್ಗಿಸಿ, ಸಂಜೆ ಬೇಕಾದಷ್ಟು ಇಟ್ಟು ಉಳಿದದ್ದು ಕತ್ತರಿಸುತ್ತೇನೆ. ಜಾಗ ಮೊದಲೇ ಹಿಡಿದಿಟ್ಟರೆ ಒಳ್ಳೆಯದು ಅಂತ ಓದಿದ್ದೆ.

ಉಣಕಲ್_ಕೆರೆ (ಹುಬ್ಬಳ್ಳಿ)

ಸಿಕ್ಕಿತು. ಒಂದು ಪರೀಕ್ಷೆ ಮಾಡಿ. ಪ್ರೋಗ್ರಾಂ ಓಡುತ್ತಿರುವಾಗಲೇ, ಕರೆಂಟ್ ಇರುವಾಗಲೇ, ಬೇರೆ ಟರ್ಮಿನಲ್‌ನಲ್ಲಿ ಒಟ್ಟಿನ ಫೈಲ್‌ಗೆ ಎಲ್‌ಎಸ್ -ಎಲ್ (ಫೈಲ್‌ನ ಅಳತೆ ತೋರಿಸುವ ಆಜ್ಞೆ) ಕೊಡಿ. ಆಗಲೂ ಸೊನ್ನೆ ಬೈಟ್ ತೋರಿಸುತ್ತದೆ ನೋಡಿ.

ಯಾಕೆ ಅಂದರೆ, ನಿಮ್ಮ ಟ್ರಂಕೇಟ್ ನೇರವಾಗಿ ಕರ್ನಲ್‌ಗೆ (ಲಿನಕ್ಸ್‌ನ ಒಳತಿರುಳಿಗೆ) ಹೋಗಿ ಫೈಲ್ ಅಲ್ಲೇ ಸೊನ್ನೆಗೆ ಇಳಿಯುತ್ತದೆ. ಆದರೆ ರೈಟ್ ಮಾಡಿದ್ದು ಪೈಥಾನ್‌ನ ಸ್ವಂತ ಬಫರ್‌ನಲ್ಲೇ (ಮೆಮೊರಿಯ ತಾತ್ಕಾಲಿಕ ಜಾಗದಲ್ಲೇ) ಕೂತಿರುತ್ತದೆ, ಆ ಬಫರ್ ಕನಿಷ್ಠ ಕೆಲವು ಸಾವಿರ ಬೈಟ್, ನಿಮ್ಮ ಒಟ್ಟಿನ ಲೆಕ್ಕ ಅದನ್ನು ತುಂಬುವಷ್ಟು ದೊಡ್ಡದಲ್ಲ. ಮುಂದಿನ ಚೀಲ ಬಂದಾಗ ಸೀಕ್ ಆ ಬಫರನ್ನು ಫೈಲ್‌ಗೆ ಸುರಿಯುತ್ತದೆ, ಮರುಕ್ಷಣವೇ ಟ್ರಂಕೇಟ್ ಅದನ್ನು ಅಳಿಸುತ್ತದೆ. ಅಂದರೆ ದಿನವಿಡೀ ಫೈಲ್ ಖಾಲಿಯೇ ಇತ್ತು. ಸಂಜೆ ಸರಿಯಾಗಿ ಮುಚ್ಚಿದಾಗ ಮಾತ್ರ ತುಂಬುತ್ತಿತ್ತು, ಹಾಗಾಗಿ ನಿಮಗೆ ಗೊತ್ತಾಗಲಿಲ್ಲ.

ಸುಮ್ನೆ ಒಂದು ಫ್ಲಷ್ ಸೇರಿಸಿದರೆ ಸಾಕಾಗಲ್ಲ. ಫ್ಲಷ್ ಆ ಬಫರನ್ನು ಸುರಿಯುವುದು ಕರ್ನಲ್‌ನ ಪೇಜ್ ಕ್ಯಾಶ್ ತನಕ ಅಷ್ಟೇ, ಅದೂ ಮೆಮೊರಿಯೇ ಅಲ್ವಾ. ಎಕ್ಸ್‌ಟ್4 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಜರ್ನಲ್ (ಬದಲಾವಣೆಗಳ ದಾಖಲೆ) ಬರೆಯುತ್ತದೆ. ಆದರೆ ಹೊಸ ಡಾಟಾಕ್ಕೆ ಡಿಸ್ಕ್‌ನಲ್ಲಿ ಜಾಗ ಕೊಡುವುದನ್ನು ಮುಂದೂಡುತ್ತದೆ, ಅದು 30 ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಆಗಬಹುದು. ಫೈಲ್ ಕುಗ್ಗಿದ್ದು ಡಿಸ್ಕ್‌ಗೆ ಬಂತು, ಹೊಸ ಡಾಟಾ ಬರಲಿಲ್ಲ, ಆ ಸಂದಿನಲ್ಲಿ ಕರೆಂಟ್ ಹೋದರೆ ಮತ್ತೆ ಸೊನ್ನೆಯೇ. 2009ರ ಸುಮಾರಿಗೆ ಎಕ್ಸ್‌ಟ್4 ಹೊಸದಾಗಿದ್ದಾಗ ಎಷ್ಟೋ ಜನರ ಸೆಟ್ಟಿಂಗ್ ಫೈಲ್‌ಗಳು ಹೀಗೇ ಖಾಲಿಯಾಗಿದ್ದವು. ಲಿನಕ್ಸ್ 2.6.30ರಲ್ಲಿ ಇದಕ್ಕೆ ಒಂದಿಷ್ಟು ರಕ್ಷಣೆ ಸೇರಿಸಿದರು. ಆದರೆ ಅದು ಫೈಲ್ ಮುಚ್ಚುವಾಗ ಅಥವಾ ರೀನೇಮ್ ಮಾಡುವಾಗ ಕೆಲಸ ಮಾಡುತ್ತದೆ, ನೀವು ಮುಚ್ಚುವುದೇ ಇಲ್ಲವಲ್ಲ.

ಇರುವ ಫೈಲನ್ನು ಕುಗ್ಗಿಸಲೇಬೇಡಿ. ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ಹೊಸ ಫೈಲ್ ಮಾಡಿ, ಪೂರ್ತಿ ಬರೆದು, ಫ್ಲಷ್ ಮಾಡಿ, ಓಎಸ್.ಎಫ್‌ಸಿಂಕ್ ಮಾಡಿ (ಇದು ಡಾಟಾವನ್ನು ಡಿಸ್ಕ್‌ಗೇ ಬರೆಸುತ್ತದೆ), ಮುಚ್ಚಿ, ಆಮೇಲೆ ಓಎಸ್.ರಿಪ್ಲೇಸ್‌ನಿಂದ ಹಳೆಯ ಹೆಸರಿನ ಮೇಲೆ ತನ್ನಿ. ಕೊನೆಗೆ ಆ ಫೋಲ್ಡರ್ ತೆರೆದು ಅದಕ್ಕೂ ಒಂದು ಎಫ್‌ಸಿಂಕ್. ಯಾವ ಕ್ಷಣಕ್ಕೆ ಕರೆಂಟ್ ಹೋದರೂ ಪೂರ್ತಿ ಹಳೆಯದೋ ಪೂರ್ತಿ ಹೊಸದೋ ಸಿಗುತ್ತದೆ, ಅರ್ಧಂಬರ್ಧ ಸಿಗುವುದಿಲ್ಲ.

ಕಡ್ಡಿ_ಮೆಣಸಿನಕಾಯಿ (ಬ್ಯಾಡಗಿ)

ಎಲ್‌ಎಸ್ ನೋಡಿದೆ. ಸೊನ್ನೆ. ಎರಡು ತಿಂಗಳಿಂದ ಇದರ ಮೇಲೆ ನಂಬಿಕೆ ಇಟ್ಟು ಕೂತಿದ್ದೆ, ಮೈ ಜುಮ್ ಅಂತು. ಹಾಗಾದರೆ ಇನ್ನೊಂದರ ಕೊನೆಯ ^@ ಎಲ್ಲಿಂದ ಬಂತು?

ಉಣಕಲ್_ಕೆರೆ (ಹುಬ್ಬಳ್ಳಿ)

ಅದು ನೀವು ಹಿಗ್ಗಿಸಿದ ಭಾಗ. ಟ್ರಂಕೇಟ್‌ನಿಂದ ಹಿಗ್ಗಿಸಿದರೆ ಅಳತೆ ಮಾತ್ರ ಬದಲಾಗುತ್ತದೆ, ಜಾಗ ಸಿಗುವುದಿಲ್ಲ. ಬರೆಯದ ಭಾಗ ಬರೀ ತೂತು, ಓದಿದರೆ ಸೊನ್ನೆ ಬರುತ್ತದೆ, ಎಡಿಟರ್ ಅದನ್ನೇ ^@ ಅಂತ ತೋರಿಸುತ್ತದೆ. ಎಲ್‌ಎಸ್ 1 ಎಂಬಿ ಅನ್ನುತ್ತದೆ, ನಿಜಕ್ಕೂ ಹಿಡಿದ ಜಾಗ ತೋರಿಸುವ ಡಿಯು ಕೇಳಿದರೆ ಕೆಲವೇ ಕೆಬಿ. ಜಾಗ ನಿಜವಾಗಿ ಹಿಡಿದಿಡಬೇಕು ಅಂದರೆ ಫಾಲೊಕೇಟ್ ಬೇಕು. ಸೊನ್ನೆ ಕೊಡುವುದಕ್ಕೂ ಕಾರಣ ಇದೆ: ಆ ಜಾಗದಲ್ಲಿ ಮೊದಲು ಇದ್ದ ಬೇರೆಯವರ ಅಳಿಸಿದ ಡಾಟಾ ನಿಮ್ಮ ಕಣ್ಣಿಗೆ ಬೀಳಬಾರದು. ಕುಗ್ಗಿಸುವಾಗಲೂ ಅಷ್ಟೇ, ಕೊನೆಯ ಬ್ಲಾಕ್‌ನಲ್ಲಿ (ಡಿಸ್ಕ್‌ನ ಸಣ್ಣ ಘಟಕ, ಸಾಮಾನ್ಯವಾಗಿ 4096 ಬೈಟ್) ಉಳಿದ ತುಂಡನ್ನು ಕರ್ನಲ್ ಸೊನ್ನೆ ಮಾಡುತ್ತದೆ, ಮುಂದೆ ಮತ್ತೆ ಹಿಗ್ಗಿಸಿದರೆ ಹಳೆಯದು ಎದ್ದು ಬರದಿರಲಿ ಅಂತ.

ನಿಮಗೆ ಹಿಗ್ಗಿಸುವ ಅಗತ್ಯವೇ ಇಲ್ಲ. ಅಪೆಂಡ್ ಮೋಡ್‌ನಲ್ಲಿ (ಕೊನೆಗೆ ಸೇರಿಸುತ್ತಾ ಹೋಗುವ ರೀತಿಯಲ್ಲಿ) ತೆರೆಯಿರಿ. ಚೀಲಕ್ಕೊಂದು ಸಾಲು, ಸಾಲಿಗೊಂದು ಫ್ಲಷ್, ಒಂದು ಎಫ್‌ಸಿಂಕ್. ಹಮಾಲರು ಮುಂದಿನ ಚೀಲ ಕಾಟಾದ ಮೇಲೆ ಇಡುವಷ್ಟರಲ್ಲಿ ಅದು ಮುಗಿದಿರುತ್ತದೆ. ಸಾಲಿನ ಕೊನೆಗೆ ಒಂದು ಸಿಆರ್‌ಸಿ (ತಪ್ಪು ಹಿಡಿಯುವ ತಾಳೆಸಂಖ್ಯೆ) ಸೇರಿಸಿದರೆ ಮುರಿದ ಸಾಲು ತಕ್ಷಣ ಗೊತ್ತಾಗುತ್ತದೆ.

ಮುಳಗುಂದ_ನಾಕಾ (ಗದಗ)

ನಾನು ಕಾರ್ಡ್ ಅಂದದ್ದು ತಪ್ಪಾಯಿತು. ಒಂದು ಪ್ರಶ್ನೆ, ನನ್ನ ಪೈನಲ್ಲಿ ಕರೆಂಟ್ ಬಂದ ಮೇಲೆ ಡಿಮೆಸೇಜ್‌ನಲ್ಲಿ (ಕರ್ನಲ್‌ನ ಸಂದೇಶಗಳಲ್ಲಿ) "1 ಟ್ರಂಕೇಟ್ ಕ್ಲೀನ್ಡ್ ಅಪ್" ಅಂತ ಬಂದಿತ್ತು. ಅದು ತೊಂದರೆಯಾ?

ಉಣಕಲ್_ಕೆರೆ (ಹುಬ್ಬಳ್ಳಿ)

ಅಲ್ಲ. ಕುಗ್ಗಿಸುವ ಕೆಲಸ ಅರ್ಧಕ್ಕೆ ನಿಲ್ಲಬಹುದು ಅಂತ ಎಕ್ಸ್‌ಟ್4 ಆ ಫೈಲನ್ನು ಆರ್ಫನ್ ಪಟ್ಟಿಯಲ್ಲಿ (ಕೆಲಸ ಬಾಕಿ ಇರುವ ಫೈಲ್‌ಗಳ ಪಟ್ಟಿ) ಬರೆದಿಟ್ಟಿರುತ್ತದೆ. ಮತ್ತೆ ಮೌಂಟ್ ಆದಾಗ ಅದನ್ನು ನೋಡಿ ಉಳಿದದ್ದು ಮುಗಿಸುತ್ತದೆ. ಫೈಲ್ ಸಿಸ್ಟಂ ತನ್ನ ಲೆಕ್ಕ ಸರಿ ಇಟ್ಟುಕೊಂಡಿದೆ ಅಂತ ಅರ್ಥ, ನಿಮ್ಮ ಡಾಟಾ ಉಳಿಯಿತು ಅಂತ ಅಲ್ಲ.

ಕಡ್ಡಿ_ಮೆಣಸಿನಕಾಯಿ (ಬ್ಯಾಡಗಿ)

ಎರಡನ್ನೂ ಬದಲಿಸಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಾಟಾದ ಮೇಲೆ ಒಂದೇ ಚೀಲ ಇಟ್ಟು ಎತ್ತುತ್ತಾ, ನಡುನಡುವೆ ಪ್ಲಗ್ ಕಿತ್ತು ನೋಡಿದೆ, 20 ಸಲ. ಒಟ್ಟಿನ ಫೈಲ್ ಒಮ್ಮೆಯೂ ಖಾಲಿಯಾಗಲಿಲ್ಲ. ಎರಡು ಸಲ ಅದು ಒಂದು ಚೀಲ ಹಿಂದೆ ಉಳಿದಿತ್ತು, ಆದರೆ ಆ ಚೀಲದ ಸಾಲು ಇನ್ನೊಂದು ಫೈಲ್‌ನಲ್ಲಿ ಇತ್ತು. ಹಾಗಾಗಿ ಈಗ ಶುರುವಾದ ಕೂಡಲೇ ಸಾಲುಗಳನ್ನೆಲ್ಲ ಓದಿ ಒಟ್ಟು ಹೊಸದಾಗಿ ಕೂಡಿಸುವಂತೆ ಮಾಡಿದ್ದೇನೆ. ಗುರುವಾರದ ಮಾರ್ಕೆಟ್‌ಗೆ ಇದನ್ನೇ ಹಚ್ಚುತ್ತೇನೆ.