ಮೈಸೂರು ಸುತ್ತಮುತ್ತ ಹೊಳೆ ಪಕ್ಕ, ಹಳ್ಳಿ ರೋಡಲ್ಲಿ ಲಾಂಗ್ ರನ್ ಮಾಡೋಕೆ ಯಾವ ರೂಟ್ ಚೆನ್ನಾಗಿದೆ?

ಬೆಳಗಿನ_ಓಟ:
ಎಲ್ರಿಗೂ ನಮಸ್ಕಾರ. ಕೆಲಸದ ಮೇಲೆ ಮೈಸೂರಿಗೆ ಶಿಫ್ಟ್ ಆಗಿದೀನಿ, ಹಾಫ್ ಮ್ಯಾರಥಾನ್‌ಗೆ ತಯಾರಿ ನಡೀತಾ ಇದೆ. ವಾರದ ದಿನ ಕುಕ್ಕರಹಳ್ಳಿ ಕೆರೆ ನಂಗೆ ತುಂಬಾ ಇಷ್ಟ, ಆದ್ರೆ ಭಾನುವಾರ 15-18 ಕಿಮೀ ಓಡ್ಬೇಕು ಅಂದಾಗ ಅದೇ ಕೆರೆನ ಮತ್ತೆ ಮತ್ತೆ ಸುತ್ತೋಕೆ ಮನಸ್ಸು ಬರಲ್ಲ, ರಿಂಗ್ ರೋಡಲ್ಲಿ ಲಾರಿ ಪಕ್ಕ ಓಡೋದೂ ಬೇಡ ಅನ್ಸುತ್ತೆ. ಶ್ರೀರಂಗಪಟ್ಟಣ ಕಡೆ ಕಾವೇರಿ ಪಕ್ಕದಲ್ಲಿ ಗದ್ದೆ, ತೋಟ, ಹಳ್ಳಿ ನೋಡ್ಕೊಂಡು ಓಡೋ ಥರ ರೂಟ್ ಇದ್ರೆ ಹೇಳಿ. ನಾಲೆ ಏರಿ ಮೇಲೆ ಓಡಬಹುದಾ? ನನ್ನ ಹೆಂಡ್ತಿನೂ ಓಡ್ತಾಳೆ, ಕೆಲವು ಭಾನುವಾರ ಅವಳೊಬ್ಳೇ ಹೋಗ್ಬೇಕಾಗುತ್ತೆ, ಅದನ್ನೂ ನೆನಪಲ್ಲಿಟ್ಕೊಂಡು ಹೇಳಿದ್ರೆ ಒಳ್ಳೇದು.

ಗಂಜಾಂ_ಹುಡ್ಗ:
ಅಣ್ಣ ಮ್ಯಾಪ್ ಎಲ್ಲ ಆಮೇಲೆ ನೋಡಿ, ಮೊದ್ಲು ನಮ್ಮೂರಿಗೆ ಬನ್ನಿ. ಶ್ರೀರಂಗಪಟ್ಟಣ ದ್ವೀಪನೇ ಒಂದು ರೂಟ್ ಕಣಣ್ಣ, ಕಾವೇರಮ್ಮ ಎರಡು ಕವಲಾಗಿ ಊರನ್ನ ತಬ್ಕಂಡು ಹೋಗಿ ಆಚೆ ತುದೀಲಿ ಸೇರ್ಕತಾಳೆ, ಅದೇ ಸಂಗಮ. ದ್ವೀಪದ ಉದ್ದ ಐದು ಕಿಮೀ ಆಸುಪಾಸು. ಕೋಟೆ ಒಳಗೆ ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಶುರು ಮಾಡಿ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಮೇಲೆ ಹಾದು ಗಂಜಾಂ, ಅಲ್ಲಿಂದ ಟಿಪ್ಪು ಸಮಾಧಿ ಇರೋ ಗುಂಬಜ್, ಆಮೇಲೆ ಸಂಗಮ, ವಾಪಸ್ ಬರೋವಾಗ ನಿಮಿಷಾಂಬ ದೇವಸ್ಥಾನದ ಹತ್ರ ಹೊಳೆಗೆ ಇಳಿದು ನೋಡಿ, ಆಚೆ ದಡದ ಮೇಲೆ ಕರಿಘಟ್ಟ ಕಾಣ್ತದೆ. ಗುಂಬಜ್ ದಾಟಿದ್ಮೇಲೆ ಗಾಡಿ ಗಲಾಟೆ ಕಮ್ಮಿ ಆಗಿ ಗದ್ದೆ ಬಯಲು ಸಿಕ್ತದಲ್ಲ, ಭತ್ತ ನಾಟಿ ಆಗಿರೋ ಟೈಮಲ್ಲಿ ಅಲ್ಲಿ ಓಡೋಕೆ ಪುಣ್ಯ ಮಾಡಿರ್ಬೇಕು. ಒಂದು ಕಾಲಕ್ಕೆ ಗಂಜಾಂ ಅಂಜೂರ ಅಂದ್ರೆ ದೊಡ್ಡ ಹೆಸರು, ಈಗ ಹುಡುಕ್ಬೇಕು.

ಕೋಟೆ ಒಳಗಿನ ಬೀದಿ ಎಲ್ಲ ಸೇರಿದ್ರೆ 12 ಆಗ್ತದೆ. 18 ಬೇಕು ಅಂದ್ರೆ ಉತ್ತರದ ಕವಲಿನ ಮೇಲಿರೋ ವೆಲ್ಲೆಸ್ಲಿ ಸೇತುವೆ ಕಡೆ ಹೋಗಿ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ್ದು, ಬರೀ ಕಲ್ಲಿನ ಕಂಬ, ಕಲ್ಲಿನ ತೊಲೆ, ನಿಂತು ನೋಡ್ಬೇಕು ಅದನ್ನ. ಆಚೆಗೆ ಕಿರಂಗೂರು, ಪಟ್ಟಣದ ದಸರಾ ಶುರುವಾಗೋ ಬನ್ನಿಮಂಟಪ ಅಲ್ಲೇ ಇರೋದು. ಅಲ್ಲಿಂದ ಕರಿಘಟ್ಟದ ಬುಡಕ್ಕೆ ಹೋದ್ರೆ ಲೋಕಪಾವನಿ ಹೊಳೆ ಸಿಕ್ತದೆ, ಕಾಲಲ್ಲಿ ಇನ್ನೂ ಶಕ್ತಿ ಇದ್ರೆ ಬೆಟ್ಟ ಹತ್ತಿ.

ನಾಲೆ ಏರಿ ವಿಷ್ಯಕ್ಕೆ ಬಂದ್ರೆ, ಓಡಬಹುದು, ಆದ್ರೆ ಗದ್ದೆ ಕಡೆ ಅಂಚಲ್ಲೇ ಓಡಿ, ನೀರಿನ ಕಡೆ ಬೇಡ. ವಿಶ್ವೇಶ್ವರಯ್ಯ ನಾಲೆ ಥರದ ದೊಡ್ಡ ನಾಲೆಗಳಿಗೆ ಒಳಗಡೆ ಇಳಿಜಾರಿಗೆ ಸಿಮೆಂಟ್ ಹಾಕವ್ರೆ, ಪಾಚಿ ಕಟ್ಟಿರ್ತದೆ, ಕಾಲು ಜಾರಿದ್ರೆ ಈಜು ಬರೋವ್ರಿಗೂ ಹಿಡ್ಕಳಕ್ಕೆ ಏನೂ ಸಿಗಲ್ಲ. 2018 ನವೆಂಬರ್‌ನಲ್ಲಿ ಕನಗನಮರಡಿ ಹತ್ರ ಬಸ್ಸು ನಾಲೆಗೆ ಬಿದ್ದು 30 ಜನ ಹೋದ್ರು, ಅವತ್ತಿಂದ ನಮ್ಮ ಕಡೆ ನಾಲೆ ಅಂದ್ರೆ ಎಲ್ರಿಗೂ ಭಯ ಇದ್ದೇ ಇದೆ. ಮುಖ ತೊಳೆಯೋಕೆ ಅಂತಾನೂ ಇಳೀಬೇಡಿ ಅಣ್ಣ.

ಸೌಮ್ಯ_21ಕೆ:
ನಿಮ್ಮ ಹೆಂಡ್ತಿಗೋಸ್ಕರ ಬರೀತಾ ಇದೀನಿ, ಅವ್ರಿಗೇ ತೋರ್ಸಿ. ನಾನು ಈ ಕಡೆ ಒಬ್ಳೇ ಓಡ್ತೀನಿ. ಟೈಮ್ ಒಂದು ಸರಿ ಮಾಡ್ಕೊಂಡ್ರೆ ಅರ್ಧ ಚಿಂತೆ ಕಳೀತು. ಟೌನಲ್ಲಿ ನಾವು ನಾಲ್ಕೂವರೆ ಐದಕ್ಕೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಹೊರಟ್ಬಿಡ್ತೀವಿ, ಹಳ್ಳಿಲಿ ಅದು ಬೇಡ, ಕಬ್ಬಿನ ಗದ್ದೆ ಪಕ್ಕ ಕತ್ತಲಲ್ಲಿ ಓಡಲೇಬಾರದು, ಮಂಡ್ಯ ಕಡೆ ಕಬ್ಬಿನೊಳಗೆ ಚಿರತೆ ಬಂದು ಮರಿ ಹಾಕೋದು ಹೊಸ ಸುದ್ದಿ ಏನಲ್ಲ, ಕೊಳಕುಮಂಡಲ ಹಾವೂ ಇರುತ್ತೆ. ಹಾಲಿನ ಡೇರಿ ತೆಗೆಯೋ ಹೊತ್ತಿಗೆ ಶುರು ಮಾಡಿ. ಕ್ಯಾನ್ ಹಿಡ್ಕೊಂಡು ಹೆಂಗಸರು, ಮಕ್ಕಳು, ಸೈಕಲ್ ಮೇಲೆ ತಾತಂದಿರು ಎಲ್ಲ ರೋಡಲ್ಲಿ ಇರ್ತಾರೆ, ಬೆಳಕೂ ಬಂದಿರುತ್ತೆ. ಅಷ್ಟು ಜನರ ಮಧ್ಯೆ ಓಡೋವಾಗ ಇರೋ ಧೈರ್ಯ ಯಾವ ಪೆಪ್ಪರ್ ಸ್ಪ್ರೇನೂ ಕೊಡಲ್ಲ.

ಇನ್ನೊಂದು, ವಾರಕ್ಕೊಂದು ಹೊಸ ರೂಟ್ ಹುಡುಕ್ಬೇಡಿ, ಒಂದೇ ದಾರಿಗೆ ಮತ್ತೆ ಮತ್ತೆ ಹೋಗಿ. ಮೊದ್ಲು "ಎಲ್ಗವ್ವ ಓಡ್ತಿದೀಯ, ಯಾರಾದ್ರೂ ಅಟ್ಟುಸ್ಕೊಂಡ್ ಬತ್ತಾವ್ರಾ" ಅಂತ ಗಾಬರಿಯಿಂದ ಕೇಳಿದ ಅಜ್ಜಿ ಈಗ ನಾನು ಹೋಗ್ಲಿಲ್ಲ ಅಂದ್ರೆ ಹೋದ ವಾರ ಯಾಕೆ ಬರ್ಲಿಲ್ಲ ಅಂತ ವಿಚಾರಿಸ್ತಾರೆ. ಹೆಡ್‌ಫೋನ್ ಬೇಡ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಟ ನಿಲ್ಲಿಸಿ ನಡೀರಿ, ಕಲ್ಲು ಎತ್ಕೊಳ್ಳೋ ಥರ ಬಗ್ಗಿದ್ರೆ ಸಾಮಾನ್ಯವಾಗಿ ಹಿಂದೆ ಸರಿಯುತ್ತೆ.

ಗಂಜಾಂ ಅವ್ರು ಹೇಳಿದ ದ್ವೀಪದ ರೂಟ್ ನಂಗೂ ಇಷ್ಟ, ಆದ್ರೆ ಒಬ್ಳೇ ಇರೋ ದಿನ ಕರಿಘಟ್ಟದ ಕಡೆ ಬೇಡ, ಹೈವೇ ದಾಟ್ಬೇಕು, ಬೆಟ್ಟದ ಬುಡದಲ್ಲಿ ಜನ ಕಡಿಮೆ. ಅದರ ಬದಲು ಪಾಲಹಳ್ಳಿ, ರಂಗನತಿಟ್ಟು ಕಡೆ ಹೋಗಿ. ಕಂಠೀರವ ನರಸರಾಜ ಒಡೆಯರು 1640ರ ದಶಕದಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿಸಿದ್ರಿಂದ ಆದ ನಡುಗಡ್ಡೆಗಳು ಅವು, 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರ್ತು. ಪಕ್ಷಿಧಾಮದ ಒಳಗೆ ಓಡೋಕಲ್ಲ, ಹೊರಗಿನ ರೋಡಲ್ಲೇ ಫೆಬ್ರವರಿ-ಮಾರ್ಚಲ್ಲಿ ತಲೆ ಮೇಲೆ ಕೊಕ್ಕರೆ ಹಿಂಡು ಹಾರ್ತಾ ಇರುತ್ತೆ. ಹೊಳೆಗೆ ಮಾತ್ರ ಎಲ್ಲೂ ಕಾಲಿಡ್ಬೇಡಿ, ಮೊಸಳೆ ಇವೆ.

ಶಿಂಷಾ_ತೀರ:
ಕೊಕ್ಕರೆ ಮಾತು ಬಂತಲ್ಲ, ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರು ಬಿಟ್ರೆ ಹೆಂಗೆ? ಬೆಂಗಳೂರು-ಮೈಸೂರು ಹಳೇ ರೋಡಲ್ಲಿ ರುದ್ರಾಕ್ಷಿಪುರದ ಹತ್ರ ತಿರುಗಿದ್ರೆ ಊರಿಗೆ 12 ಕಿಮೀ, ಒನ್ ವೇ ಲಾಂಗ್ ರನ್‌ಗೆ ಹೇಳಿ ಮಾಡ್ಸಿದ ಹಂಗಿದೆ, ಯಾರಾದ್ರೂ ಗಾಡಿಲಿ ಹಿಂದೆ ಬಂದ್ರೆ ಸಾಕು. ಶಿಂಷಾ ನದಿ ಪಕ್ಕದ ಊರು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎಲ್ಲ ಊರೊಳಗಿನ ಹುಣಸೆ ಮರ, ಅರಳಿ ಮರದ ಮೇಲೇ ಗೂಡು ಕಟ್ತವೆ, ಮನೆ ಸೂರಿನ ಮೇಲೇ ಮರಿಗಳ ಸದ್ದು. ಊರೋರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಕಳು ಅಂತಾರೆ. ಮರದ ಹತ್ರ ಬಂದಾಗ ದಯವಿಟ್ಟು ಓಟ ನಿಲ್ಸಿ ಮೆಲ್ಲಗೆ ನಡೀರಿ, ಗುಂಪಾಗಿ ಕೂಗಾಡ್ಕೊಂಡು ಹೋದ್ರೆ ಹಕ್ಕಿ ಗೂಡು ಬಿಟ್ಟು ಏಳ್ತವೆ, ಮರಿ ಕೆಳಗೆ ಬೀಳ್ತವೆ.

ತುಂಗಾ_ತಟ:
ಶಿವಮೊಗ್ಗಕ್ಕೆ ಯಾವಾಗಾದ್ರೂ ಬಂದ್ರೆ ಮತ್ತೂರು, ಹೊಸಹಳ್ಳಿ ಕಡೆ ಓಡಿ ಮಾರಾಯ್ರೆ. ತುಂಗೆ ಆ ಕಡೆ ಒಂದು, ಈ ಕಡೆ ಒಂದು, ಮತ್ತೂರು ಸಂಸ್ಕೃತಕ್ಕೆ, ಹೊಸಹಳ್ಳಿ ಗಮಕಕ್ಕೆ, ಅಂದ್ರೆ ರಾಗವಾಗಿ ಕಾವ್ಯ ಓದೋ ಕಲೆಗೆ, ಹೆಸರಾದ ಊರು. ಅಡಿಕೆ ತೋಟದ ನೆರಳಿರೋದ್ರಿಂದ ಒಂಬತ್ತು ಗಂಟೆ ಆದ್ರೂ ಬಿಸಿಲು ಅಷ್ಟು ತಾಗೋದಿಲ್ಲ. ಮಂಡ್ಯದ ಬಯಲಲ್ಲಿ ಆ ನೆರಳು ಸಿಗಲ್ಲ ನೋಡಿ.

ಬೆಳಗಿನ_ಓಟ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಸೌಮ್ಯ ಅವ್ರು ಬರೆದಿದ್ದನ್ನ ಮನೇಲಿ ಓದಿ ಹೇಳ್ದೆ, ಡೇರಿ ಟೈಮ್ ಅವಳಿಗೆ ಬಹಳ ಹಿಡಿಸ್ತು. ಮೊದಲು ದ್ವೀಪದ ರೂಟೇ ಮಾಡ್ತೀವಿ. ಗಂಜಾಂ ಬ್ರದರ್, ಕಾರ್ ಎಲ್ಲಿ ಬಿಡೋದು, ಯಾವ ತಿಂಗಳು ಬರಬಾರದು ಅದೂ ಹೇಳ್ಬಿಡಿ.

ಗಂಜಾಂ_ಹುಡ್ಗ:
ಕಾರ್ ದೇವಸ್ಥಾನದ ಹತ್ರ ಬಿಡಿ ಅಣ್ಣ, ಇಲ್ಲಾಂದ್ರೆ ಮೈಸೂರಿಂದ ಬೆಳಿಗ್ಗೆ ರೈಲು, ಬಸ್ಸು ಎಲ್ಲ ಇರ್ತವೆ. ಬರಬಾರದ ತಿಂಗಳು ಅಂತ ಇಲ್ಲ, ಬರಬಾರದ ದಿನ ಅಂತ ಇವೆ. ಮಳೆಗಾಲದಲ್ಲಿ ಕೆಆರ್‌ಎಸ್ ಡ್ಯಾಮ್ ಪೂರ್ತಿ ತುಂಬಿ 124.80 ಅಡಿ ಮುಟ್ಟಿ ಹೊಳೆಗೆ ನೀರು ಜಾಸ್ತಿ ಬಿಟ್ರು ಅಂತ ಸುದ್ದಿ ಬಂದ್ರೆ ಹೊಳೆ ಪಕ್ಕದ ದಾರಿ ಬೇಡ, ನಿಮಿಷಾಂಬ ಮೆಟ್ಟಿಲು ಮುಳುಗ್ತವೆ, ವೆಲ್ಲೆಸ್ಲಿ ಸೇತುವೆ ಮೇಲೆ ಪೊಲೀಸ್ರು ಬಿಡಲ್ಲ. ಅಮಾವಾಸ್ಯೆ, ಹುಣ್ಣಿಮೆ ದಿನ ಸಂಗಮಕ್ಕೂ ನಿಮಿಷಾಂಬಕ್ಕೂ ಗಾಡಿ ಸಾಲೇ ಸಾಲು. ಕಬ್ಬು ಕಡಿಯೋ ಸೀಸನ್ನಲ್ಲಿ ಟ್ರ್ಯಾಕ್ಟರ್ ಬಂದ್ರೆ ನೀವೇ ರೋಡಿಂದ ಇಳಿದು ನಿಂತ್ಕಳಿ, ಲೋಡ್ ತುಂಬಿದ ಗಾಡಿಗೆ ಬ್ರೇಕ್ ಹಾಕೋದು ಕಷ್ಟ, ಹಿಂದಿನ ಟ್ರೈಲರ್ ಆ ಕಡೆ ಈ ಕಡೆ ಹೊಯ್ದಾಡ್ತದೆ.

ಡಿಸೆಂಬರ್-ಜನವರಿಲಿ ಹಳ್ಳಿ ರೋಡ್ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹಾಕಿರ್ತಾರೆ. ಹುಲ್ಲಿನ ಕೆಳಗೆ ಗುಂಡಿ ಕಾಣಲ್ಲ, ಕಾಲೂ ಜಾರ್ತದೆ, ಅದಕ್ಕಿಂತ ಹೆಚ್ಚಾಗಿ ಅದು ಒಂದು ಮನೆಯ ವರ್ಷದ ಅನ್ನ, ಶೂ ಹಾಕ್ಕಂಡು ಅದರ ಮೇಲೆ ಹೋಗ್ಬೇಡಿ, ಅಂಚಲ್ಲಿ ಜಾಗ ಇದ್ದೇ ಇರ್ತದೆ. ಓಟ ಮುಗಿದ್ಮೇಲೆ ಎಳನೀರು ಕುಡಿದು, ಆಲೆಮನೆ ಎಲ್ಲಾದ್ರೂ ನಡೀತಿದ್ರೆ ಕೇಳಿ ಒಳಗೆ ಹೋಗಿ, ಕೊಪ್ಪರಿಗೆಯಿಂದ ಆಗ್ತಾನೇ ಇಳಿಸಿದ ಬಿಸಿ ಬೆಲ್ಲ ಒಂದು ತುಂಡು ಕೊಡದೆ ಯಾರೂ ಕಳ್ಸಲ್ಲ. ಬರೋ ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿ, ಹೊಳೆ ಹೆಂಗೈತೆ ನೋಡ್ಕಂಡು ಹೇಳ್ತೀನಿ.