ಸಹಾಯ ಬೇಕು: ಚೆಸ್‌ನಲ್ಲಿ ಆನೆ ಅಂತ್ಯದಾಟ, ಡ್ರಾ ಕೈತಪ್ಪಿದ್ದೆಲ್ಲಿ?

ನಮಸ್ಕಾರ. ಮಗಳಿಗೆ 12 ವರ್ಷ, ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1480. ಕಳೆದ ಭಾನುವಾರ ಓಪನ್ ಟೂರ್ನಿಯಲ್ಲಿ 1880 ರೇಟಿಂಗ್ ಇರುವವರ ಜೊತೆ ಆಟ ಬಿತ್ತು. ನಾನಂತೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡು ಕಾಫಿಗೆ ಹೋಗಿದ್ದೆ! ನಾಲ್ಕು ಗಂಟೆ ಆಡಿದಳು.

ಕೊನೆಗೆ ಉಳಿದದ್ದು ಇಷ್ಟು. ಬಿಳಿ: ರಾಜ ಡಿ5, ಆನೆ ಎ7, ಕಾಲಾಳು ಇ5. ಇವಳದು ಕಪ್ಪು: ರಾಜ ಇ8, ಆನೆ ಬಿ6. ಇದು ಫಿಲಿಡೋರ್ ಸ್ಥಿತಿ, ಅಂದರೆ ಒಂದು ಕಾಲಾಳು ಕಡಿಮೆ ಇದ್ದರೂ ಡ್ರಾ ಉಳಿಸಿಕೊಳ್ಳಬಹುದಾದ ಸ್ಥಿತಿ, ಅಲ್ವಾ? ಕಾಲಾಳು ಇ6ಕ್ಕೆ ಬರುವವರೆಗೆ ಆನೆ ಆರನೇ ಸಾಲಿನಲ್ಲೇ ಕೂತಿರಬೇಕು, ಆಮೇಲೆ ಹಿಂದಿನಿಂದ ಚೆಕ್ ಕೊಡಬೇಕು. ಇವಳಿಗೂ ಗೊತ್ತಿತ್ತು. ಆದರೆ ಗಡಿಬಿಡಿಯಲ್ಲಿ ಮೊದಲೇ ಆನೆಯನ್ನು ಕೆಳಗಿಳಿಸಿ ಡಿ1ರಿಂದ ಚೆಕ್ ಕೊಟ್ಟಳು. ಬಿಳಿ ರಾಜ ಸೀದಾ ಇ6ಕ್ಕೆ ನುಗ್ಗಿದ. ಇವಳ ರಾಜ ಡಿ8ಕ್ಕೆ ಓಡಿತು, ಸೋತಳು.

ನನ್ನ ಪ್ರಶ್ನೆ: ಆಗ ರಾಜನನ್ನು ಎಫ್8 ಕಡೆ ಒಯ್ದಿದ್ದರೆ ಡ್ರಾ ಉಳಿಯುತ್ತಿತ್ತಾ? ಚೆಸ್ ಎಂಜಿನ್ (ಆಟ ವಿಶ್ಲೇಷಿಸುವ ಪ್ರೋಗ್ರಾಂ) ಸುಮ್ನೆ ಸೊನ್ನೆ, ಅಂದರೆ ಡ್ರಾ ಅಂತ, ತೋರಿಸುತ್ತದೆ, ಕಾರಣ ಹೇಳಲ್ಲ. ಮಗುವಿಗೆ ಅರ್ಥವಾಗುವಂತೆ ಯಾರಾದರೂ ವಿವರಿಸುತ್ತೀರಾ? ಡ್ರಾ ಆಗಿದ್ದರೆ ಸುಮಾರು 17 ರೇಟಿಂಗ್ ಪಾಯಿಂಟ್ ಬರುತ್ತಿತ್ತು, ಅದಕ್ಕೇ ಅವಳಿಗೆ ಬೇಜಾರು ಜಾಸ್ತಿ. ಮುಂದಿನ ಶನಿವಾರ ಮತ್ತೆ ಟೂರ್ನಿ ಇದೆ.